ಬಾಟ್ಲಿಯಲ್ಲಿ ಬಂದ ಸಮುದ್ರ

ಆಗೆಲ್ಲ ನಮ್ಮ ಜಯನಗರದಲ್ಲಿ ಬೇಸಿಗೆ ರಜೆ ಎಂದರೆ ಹೊಂಗೆ ಮರದ ಕೆಳಗೆ ಕುಂಟೆಬಿಲ್ಲೆ, ಮಧ್ಯಾಹ್ನ ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಅಷ್ಟೇ. ಸಮುದ್ರ ನೋಡಿ ಬಂದವರು ಬೀದಿಗೇ ದೊಡ್ಡ ಮನುಷ್ಯರು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಆ ದೊಡ್ಡಸ್ತಿಕೆ ನಮಗೂ ಒದಗಿತು. ಅಪ್ಪ ಮಹಾಬಲಿಪುರಕ್ಕೆ ಹೊರಡಿಸಿದರು.

ದಿನ ಗೊತ್ತು ಮಾಡಿದ್ದು ಅಜ್ಜಿ. ತಲೆ ಪೂರ್ತಿ ನರೆತರೂ ಅವಳು ಸಮುದ್ರ ಕಂಡಿರಲಿಲ್ಲ. ಸಾಯುವುದರೊಳಗೆ ಒಂದು ಸಮುದ್ರಸ್ನಾನ ಆಗಬೇಕೆಂಬುದು ಅವಳ ಆಸೆ. ಆದರೆ ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನ ಬಿಟ್ಟು ಸಮುದ್ರವನ್ನು ಮುಟ್ಟಬಾರದೆಂಬುದು ನಮ್ಮ ಮನೆಯ ಶಾಸ್ತ್ರ. ಪಂಚಾಂಗ ತಿರುವಿ, "ಅಮಾವಾಸ್ಯೆ ಹನ್ನೊಂದು ಗಂಟೆವರೆಗೂ ಇದೆ ಕಣೋ. ಅಷ್ಟರೊಳಗೆ ನನ್ನ ನೀರಿಗಿಳಿಸ್ಬಿಡು" ಎಂದು ಅಪ್ಪನಿಗೆ ಹೇಳಿದ್ದಳು.

ಆ ದಿನ ಬೆಳಿಗ್ಗೆ ಏಳಕ್ಕೆಲ್ಲ ಮಹಾಬಲಿಪುರ ಸೇರಿದೆವು. ನನ್ನ ಕಂಕುಳಲ್ಲಿ ರಜೆಯ ಹೋಂವರ್ಕ್ ಪುಸ್ತಕ: ನೀವು ನೋಡಿದ ಊರಿನ ಇತಿಹಾಸ ಮತ್ತು ಪ್ರೇಕ್ಷಣೀಯ ಸ್ಥಳಗಳು. ಪಲ್ಲವರು ಬಂಡೆಯಲ್ಲೇ ಕಡೆಸಿದ ರಥಗಳು, ಇಳಿಜಾರಿನಲ್ಲಿ ಈಗಲೋ ಆಗಲೋ ಉರುಳುವಂತೆ ಕೂತ ದೊಡ್ಡ ಗುಂಡುಕಲ್ಲು, ದೀಪಸ್ತಂಭ, ಎಲ್ಲವನ್ನೂ ಬರೆದುಕೊಳ್ಳಬೇಕಿತ್ತು. ಬಿಸಿಲೇರುವ ಮೊದಲು ಅವನ್ನೇ ನೋಡೋಣವೆಂದು ನಾನು ಹಟ ಹಿಡಿದೆ.

"ಮಗು ನೋಡ್ಲಿ ಬಿಡೋ. ಸಮುದ್ರ ಎಲ್ಲಿಗೆ ಓಡಿಹೋಗುತ್ತೆ?" ಎಂದಳು ಅಜ್ಜಿ.

ಸಮುದ್ರ ಓಡಲಿಲ್ಲ, ಅಮಾವಾಸ್ಯೆ ಓಡಿತು. ಕಡಲಂಚಿನ ಗುಡಿಯ ಹತ್ತಿರ ಗೈಡ್ ಒಬ್ಬ, ಇಲ್ಲಿ ಏಳು ಗುಡಿಗಳಿದ್ದವಂತೆ, ಆರನ್ನು ಸಮುದ್ರ ನುಂಗಿತಂತೆ ಎಂದು ಕಥೆ ಹೇಳಿದ. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಮರಳಿಗೆ ಬಂದಾಗ ಗಂಟೆ ಹನ್ನೊಂದೂ ಇಪ್ಪತ್ತು.

"ಇಪ್ಪತ್ತು ನಿಮಿಷ ತಾನೇ, ಇಳಿಯಮ್ಮ" ಎಂದರು ಅಪ್ಪ.

"ತಿಥಿ ಏನು ಸಿಟಿ ಬಸ್ಸೇನೋ, ಕೈ ತೋರಿಸಿದ್ರೆ ನಿಲ್ಲಕ್ಕೆ?"

ಅಜ್ಜಿ ಚಪ್ಪಲಿ ಕೈಲಿ ಹಿಡಿದು, ಅಲೆ ತಾಗದಷ್ಟು ದೂರದಲ್ಲಿ ಒಣ ಮರಳಿನ ಮೇಲೆ ಕೂತು ಕೈಮುಗಿದಳು. ಸ್ನಾನವಾದ ಮೇಲೆ ಉಡಲೆಂದು ತಂದ ಸೀರೆಯ ಗಂಟು ಮಡಿಲಲ್ಲೇ ಇತ್ತು. ಅದನ್ನು ನೋಡಿ ನನಗೆ ಅಳು ಬಂತು. ಓಡಿಹೋಗಿ ನೀರಿನ ಬಾಟ್ಲಿಯಲ್ಲಿ ಸಮುದ್ರ ತುಂಬಿ ತಂದೆ.

"ಮುಂದಿನ ಅಮಾವಾಸ್ಯೆಗೆ ಇಟ್ಕೋ ಅಜ್ಜಿ."

"ಜಾಣೆ ಕಣೇ ನೀನು" ಎಂದು ನಕ್ಕಳು.

ಜಾಣೆ ಮುಚ್ಚಳವನ್ನು ಸರಿಯಾಗಿ ತಿರುಗಿಸಿರಲಿಲ್ಲ. ಬೆಂಗಳೂರಲ್ಲಿ ಇಳಿದಾಗ ಬಾಟ್ಲಿ ಖಾಲಿ, ಚೀಲ ಒದ್ದೆ. ಯಾರಿಗೂ ಹೇಳದೆ ನಲ್ಲಿ ನೀರು ತುಂಬಿಸಿ, ಅಡುಗೆಮನೆಯ ಕಲ್ಲುಪ್ಪು ಹಿಡಿಹಿಡಿಯಾಗಿ ಸುರಿದು ಅಲ್ಲಾಡಿಸಿ ದೇವರ ಮುಂದಿಟ್ಟೆ. ತಿಂಗಳು ಕಳೆದು ಅಮಾವಾಸ್ಯೆ ಬಂತು. ಅಜ್ಜಿ ಅದನ್ನು ಬಕೆಟ್ಟಿಗೆ ಬೆರೆಸಿಕೊಂಡು ಸ್ನಾನ ಮಾಡಿ, ಆ ಗಂಟಿನ ಸೀರೆಯನ್ನೇ ಉಟ್ಟು ಹೊರಗೆ ಬಂದಳು. "ನನ್ನ ಆಸೆ ತೀರ್ತು" ಎಂದಳು. ಅವತ್ತು ನನ್ನ ಪಾಲಿನ ಹೋಳಿಗೆಯನ್ನೂ ನಾನು ಅಜ್ಜಿಯ ಎಲೆಗೇ ಹಾಕಿದೆ.

ಕಾಲೇಜು ಸೇರಿದ ಮೇಲೆ ಒಂದು ದಿನ ಅಜ್ಜಿಯ ಜೊತೆ ಕೂತು ಅವರೆಕಾಳು ಬಿಡಿಸುತ್ತ ತಪ್ಪು ಒಪ್ಪಿಕೊಂಡೆ. ಅಜ್ಜಿಯ ಕೈ ನಿಲ್ಲಲೇ ಇಲ್ಲ.

"ಗೊತ್ತಿತ್ತು ಬಿಡೇ. ಉಪ್ಪಿನ ಡಬ್ಬಿ ತಳ ಕಂಡಿತ್ತು. ಬಾಟ್ಲೀಲಿ ಇನ್ನೂ ನಾಕು ಹರಳು ಕರಗಿರ್ಲಿಲ್ಲ. ಮಗು ನಂಗೋಸ್ಕರ ಸಮುದ್ರ ಮಾಡಿಟ್ಟಿದೆ, ಬೇಡ ಅನ್ನಕ್ಕಾಗುತ್ತಾ?"

ಮುಂದಿನ ವರ್ಷ ಮತ್ತೆ ಹೋಗೋಣ ಎಂದು ಅಪ್ಪ ವರ್ಷವರ್ಷವೂ ಹೇಳಿದರು. ಅಜ್ಜಿ ಕಾಯಲಿಲ್ಲ. ಈಗ ಶನಿವಾರ ಕಾರು ಹತ್ತಿದರೆ ಮಧ್ಯಾಹ್ನಕ್ಕೆ ಮಹಾಬಲಿಪುರ. ಕಡಲ ಉದ್ದಕ್ಕೂ ರೆಸಾರ್ಟುಗಳು, ತಿಥಿ ಕೇಳುವವರಿಲ್ಲ. ಹೋದ ತಿಂಗಳು ಹೋಗಿದ್ದಾಗ ಮಗಳು ಅಲೆಯೊಳಗಿಂದ ಕೂಗಿದಳು, "ಅಮ್ಮಾ ಬಾ, ನೀರು ಸಖತ್ತಾಗಿದೆ!"

ನಾನು ಚಪ್ಪಲಿ ಕೈಲಿ ಹಿಡಿದು ಒಣ ಮರಳಿನ ಮೇಲೆ ಕೂತಿದ್ದೆ. ಅಮಾವಾಸ್ಯೆಗೆ ಇನ್ನೂ ಐದು ದಿನವಿತ್ತು.