ಸುಣ್ಣದ ಗೆರೆಯ ಮನೆ

ಪುಣೆಯ ಹಳೆಯ ಪೇಟೆಯಲ್ಲಿ, ಹಲವು ಸಂಸಾರಗಳು ಬಾಡಿಗೆಗಿದ್ದ ಶಿಥಿಲವಾದ ದೊಡ್ಡ ವಾಡೆಯೊಂದನ್ನು ಕೆಡವಿದ ಜಾಗದಲ್ಲಿ ಅದರ ಬಾಡಿಗೆದಾರರಿಗೇ ಅಗ್ಗದ ಮನೆಗಳು ಏಳಲಿವೆ. ನಾನು ಹೋದಾಗ ಧಾರವಾಡದ ಆರ್ಕಿಟೆಕ್ಟ್ ಹುಡುಗಿ ಒಂದು ಮನೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಪೂರ್ತಿ ಅಳತೆಗೆ ಬರೆದು, ಬೀದಿಯ ಬದಿಗೆ ಇಟ್ಟಿಗೆಯ ಕಟ್ಟೆ ಜೋಡಿಸಿದ್ದಳು.

ಹಳೆಯ ಬಾಡಿಗೆದಾರಳಾದ, ಧಾರವಾಡದ ಕಡೆಯವಳೇ ಆದ ಹೂ ಮಾರುವ ಶಾಂತವ್ವ ಈ ಹೊಸ ಮನೆಗೆ ಇನ್ನೂ ಒಪ್ಪಿರಲಿಲ್ಲ. "ಒಳಗ ಕುಂತರ ನನ್ನ ಹೂವು ಯಾರ್ ತಗೋತಾರ?"

"ಕಟ್ಟಿ ನಿಮ್ಮದ ಅದರಿ, ಶಾಂತವ್ವಾರ. ಕುಂತು ನೋಡ್ರಿ," ಎಂದಳು ಹುಡುಗಿ.

ಶಾಂತವ್ವ ಸುಣ್ಣದ ಹೊಸ್ತಿಲಿನಾಚೆ ಚಪ್ಪಲಿ ಬಿಟ್ಟು, ಬಾಗಿಲಿನ ಗುರುತಿನಲ್ಲೇ ಒಳಹೊಕ್ಕು ಸುತ್ತಾಡಿ, ಬಂದು ಕಟ್ಟೆಯ ಮೇಲೆ ಕುಳಿತು ಮಲ್ಲಿಗೆ ಕಟ್ಟತೊಡಗಿದಳು. ಸ್ವಲ್ಪ ಹೊತ್ತಿಗೆ ಸ್ಕೂಟರೊಂದು ನಿಂತಿತು. ಹಿಂದೆ ಕುಳಿತಿದ್ದಾಕೆ ಎರಡು ಮೊಳ ಕೊಂಡಳು.

ಹುಡುಗಿ ಸಂಭ್ರಮದಿಂದ ಗೆರೆ ದಾಟಿ ಓಡಿಬಂದಳು. ಶಾಂತವ್ವ ಗದರಿದಳು: "ನನ್ನ ಅಡಗಿ ಮನ್ಯಾಗ ಚಪ್ಪಲ್ ಹಾಕ್ಕೊಂಡು ಬರ್ತಾರೇನವಾ?"