ಮಧ್ಯಾಹ್ನದ ಫೆರಿ

ವಸಂತಾ, ಆ ದಿನ ಏಂಜಲ್ ಐಲ್ಯಾಂಡಿನಲ್ಲಿ ನೀನು ಎಲ್ಲಿದ್ದೀಯೆಂದು ನಿನ್ನ ಗಂಡನಿಗೆ ಹೇಳಿದವಳು ನಾನೇ. ಅವನು ತಾನಾಗಿ ಹುಡುಕಿಕೊಂಡು ಬಂದನೆಂದು ನೀನು ಇಂದಿಗೂ ನಂಬಿದ್ದೀಯ. ನಂಬಲು ಬಿಟ್ಟವಳೂ ನಾನೇ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಸ್ಯಾನ್ ಹೊಸೆಯ ನಾವು ಕೆಲವು ಕನ್ನಡದ ಮನೆಯವರು ಟಿಬುರಾನ್‌ನಲ್ಲಿ ಕಾರು ನಿಲ್ಲಿಸಿ, ಫೆರಿ ಹತ್ತಿ ದ್ವೀಪಕ್ಕೆ ಪಿಕ್‌ನಿಕ್ಕಿಗೆ ಹೋಗಿದ್ದೆವು. ಅದಕ್ಕೆ ಸ್ವಲ್ಪ ಮೊದಲು ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ನೀನು ತೋಳಿನ ಬಟ್ಟೆ ಸರಿಸಿ ಬಾಸುಂಡೆ ತೋರಿಸಿದ್ದೆ. ಗಂಡಸರು ವಾಲಿಬಾಲ್ ಆಡುವಾಗ ನೀನು ಮಗಳೊಡನೆ ಮಧ್ಯಾಹ್ನದ ಫೆರಿಗೆ ಹೊರಡುವುದು, ನಾನೂ ಜೊತೆಗೆ ಬಂದು ನಮ್ಮ ಕಾರಿನಲ್ಲಿ ನಿಮ್ಮನ್ನು ಓಕ್‌ಲ್ಯಾಂಡಿನ ಹೆಂಗಸರ ಆಶ್ರಯ ಕೇಂದ್ರಕ್ಕೆ ಮುಟ್ಟಿಸುವುದು—ಇಷ್ಟು ನಮ್ಮಿಬ್ಬರಲ್ಲಿ ಮಾತಾಗಿತ್ತು.

"ನೀ ಒಬ್ಬಾಕಿ ಜೊತಿಗಿದ್ರ ಸಾಕು," ಎಂದಿದ್ದೆ ನೀನು.

ಆ ಮಧ್ಯಾಹ್ನ ನೀನು ಮಗಳ ಕೈಹಿಡಿದು ಮೊದಲೇ ದೋಣಿಕಟ್ಟೆಗೆ ಹೋದೆ. ಚೀಲ ತರುತ್ತೇನೆಂದು ನಾನು ಹಿಂದುಳಿದೆ. ಚೀಲ ಬರೀ ನೆಪ. ನನ್ನವರಿಗೆ ಏನು ಹೇಳಲಿ, ಸಂಸಾರ ಒಡೆದವಳು ಎಂದು ನಾಳೆ ಎಲ್ಲರೂ... ಅಷ್ಟರಲ್ಲಿ ನಿನ್ನ ಗಂಡ ಗೋಪಾಲ ಬೆವರೊರೆಸಿಕೊಳ್ಳುತ್ತ ಬಂದ.

"ವಸಂತಾ ಎಲ್ಲಿ ಅದಾಳ್ರಿ?"

ಅವನು ಗದರಿಸಲಿಲ್ಲ. ನಗುತ್ತಲೇ ಕೇಳಿದ. ಗೊತ್ತಿಲ್ಲ ಎನ್ನಬಹುದಿತ್ತು.

"ಫೆರಿ ಹತ್ರ ಹೋದ್ರು," ಎಂದೆ.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಫೆರಿ ನಿಮ್ಮನ್ನು ಬಿಟ್ಟು ಹೊರಟಾಗಿತ್ತು. ಮಗು ಅವನ ಹೆಗಲ ಮೇಲಿತ್ತು, ನಿನ್ನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. ನನ್ನನ್ನು ಕಂಡು ನೀನು ಮೆಲ್ಲಗೆ ತಲೆಯಾಡಿಸಿದೆ—ಸುಮ್ಮನಿರು, ನಿನಗೂ ತೊಂದರೆಯಾದೀತು ಎಂಬಂತೆ. ಆಗಲೂ ನೀನು ಕಾಪಾಡಿದ್ದು ನನ್ನನ್ನು.

ಮತ್ತೆ ಅಷ್ಟು ಧೈರ್ಯ ಮಾಡಲು ನಿನಗೆ ವರ್ಷಗಳೇ ಹಿಡಿದವು. ಮನೆ ಬಿಟ್ಟು ಬರುವ ಹೊತ್ತಿಗೆ ನಿನ್ನ ಎಡಗಿವಿ ಕೇಳಿಸದಂತಾಗಿತ್ತು. ಆ ಕಿವಿಯ ಬಗ್ಗೆ ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ—

ಮೊನ್ನೆ ನಿನ್ನ ಮೊಮ್ಮಗನ ನಾಮಕರಣದಲ್ಲಿ, ಎಲ್ಲರ ಮುಂದೆ ನನ್ನ ಕೈ ಹಿಡಿದು, "ಆಗ ನನ್ನ ಬೆನ್ನಿಗೆ ನಿಂತಾಕಿ ಇಕಿ ಒಬ್ಬಾಕಿನ," ಎಂದೆ. ನಿನ್ನ ಮಗಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಆಶೀರ್ವಾದ ಮಾಡಿದೆ, ವಸಂತಾ. ಬಾಯಿ ತುಂಬ ಮಾಡಿದೆ.

ನಾಳೆ ಬರುತ್ತೇನೆ. ಕ್ಷಮಿಸೆಂದು ಕೇಳುವುದಿಲ್ಲ. ಮಗಳನ್ನೂ ಕರೆಸಿಕೋ, ಇದನ್ನು ಅವಳೆದುರಿಗೇ ಹೇಳಬೇಕು.