ಕೀಲಿಯ ಮೇಲೆ ಇನ್ನೊಂದು ಕೈ

ನಮ್ಮ ಮೇಲಿನ ಬೀದಿಯಲ್ಲಿ ಈಗ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಬಂದೇ ಬರುತ್ತದೆ ಎಂಬ ಭರವಸೆ ಇರುವುದರಿಂದ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ನಾನು ಮಾತ್ರ ಎತ್ತುತ್ತೇನೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ಅಕ್ಕ ಬೈಯುತ್ತಾಳೆ. ಇರಲಿ, ಋಣ ತೀರಿಸಲು ನನ್ನ ಹತ್ತಿರ ಇರುವುದೇ ಒಂದು ಬಾಯಿ, ಒಂದು ಹೊಲಿಗೆ ಯಂತ್ರ.

ಋಣ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಪುರಸಭೆಯಲ್ಲಿ ನೀರು ಬಿಡುವ ಕೆಲಸ ಅವರದು. ಬೀದಿಯವರು ನೀರಣ್ಣ ಎನ್ನುತ್ತಿದ್ದರು. ಸೊಂಟದೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿಯಿಂದ ಬೀದಿಗೆ ಹೋಗುವುದು, ಗುಂಡಿಯ ಮುಚ್ಚಳ ಎತ್ತುವುದು, ಕೀಲಿ ಇಳಿಸಿ ವಾಲ್ವ್ ತಿರುಗಿಸುವುದು, ಹೊತ್ತು ಮುಗಿದ ಮೇಲೆ ಮತ್ತೆ ಬಂದು ಮುಚ್ಚುವುದು. ಕೀಲಿಯ ತಲೆಗೆ ಎರಡೂ ಕಡೆ ಹಿಡಿ ಇರುತ್ತದೆ. ಗಟ್ಟಿಯಾಗಿ ಕೂತ ವಾಲ್ವ್ ಒಬ್ಬರ ಕೈಗೆ ಬಗ್ಗುವುದಿಲ್ಲವಲ್ಲ, ಅದಕ್ಕೆ. ಆದರೆ ಎರಡನೆಯ ಹಿಡಿಯನ್ನು ಯಾರೂ ಹಿಡಿದದ್ದನ್ನು ನಾನು ಆಗ ನೋಡಿರಲಿಲ್ಲ.

ಮೇಲಿನ ಬೀದಿಯ ಗುಂಡಿ ಇರುವುದು ನನ್ನ ಹೊಲಿಗೆ ಅಂಗಡಿಯ ಎದುರಿಗೇ. ಭಾವ ಬಂದರೆ ನನ್ನ ಯಂತ್ರದ ಸದ್ದಿಗೆ ಅವರ ಮುಚ್ಚಳದ ಸದ್ದು ಉತ್ತರ ಕೊಡುತ್ತಿತ್ತು. ಬಡಕಲು ಮೈ, ಉದ್ದ ಕತ್ತು, ಮೃದು ಮಾತು. ಅವರಷ್ಟು ಪುಕ್ಕಲರನ್ನು ನಾನು ಕಂಡಿಲ್ಲ. ಅಂಗಡಿಯವನು ಕೊಳೆತ ಟೊಮೆಟೊ ತೂಗಿಕೊಟ್ಟರೂ "ಪರವಾಗಿಲ್ಲ ಬಿಡಿ" ಎಂದು ತಂದುಬಿಡುವರು. ಅಕ್ಕ ಅದನ್ನು ವಾಪಸ್ಸು ಒಯ್ದು, ಅಂಗಡಿಯವನಿಗೆ ನಾಲ್ಕು ಮಾತು ಹೇಳಿ, ಒಳ್ಳೆಯದನ್ನು ಆರಿಸಿ ತರುವಳು. ಹಾಗೆ ಅವರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಒಂದೇ ಕೊರಗು. ಭಾವ ಹಂಗಾಮಿ ನೌಕರರು. ತಲೆಗೂದಲು ನರೆತರೂ ಹಂಗಾಮಿಯೇ. ಕಾಯಂ ಆದರೆ ಮುಪ್ಪಿನಲ್ಲಿ ಪಿಂಚಣಿ, ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು. ಆಗದಿದ್ದರೆ ಯಾವ ಬೆಳಿಗ್ಗೆ ಬೇಕಾದರೂ "ನಾಳೆಯಿಂದ ಬರಬೇಡ" ಎನ್ನಬಹುದು. ಆ ಆದೇಶ ಹೊರಡಬೇಕಾದರೆ ನಮ್ಮ ಬೀದಿಯಿಂದ ಆರಿಸಿ ಹೋದ ಸದಸ್ಯರು ಒಂದು ಮಾತು ಹೇಳಬೇಕಿತ್ತು. ಅವರು ಸಿಕ್ಕಾಗಲೆಲ್ಲ ಭಾವನ ಬೆನ್ನು ತಟ್ಟಿ, "ನಿಮ್ಮದು ನನ್ನ ತಲೇಲಿದೆ" ಎನ್ನುತ್ತಿದ್ದರು. ಆ ತಲೆಯಲ್ಲಿ ಎಷ್ಟು ಜಾಗವಿತ್ತೋ ಕಾಣೆ, ಊರಿನ ಅರ್ಧ ಜನರ ಕೆಲಸ ಅಲ್ಲೇ ಇತ್ತು.

ಈ ನಡುವೆ ನಮ್ಮ ಬೀದಿಯ ನೀರು ಸಣ್ಣಗಾಯಿತು. ಮೊದಲು ಬೆರಳು ದಪ್ಪ ಬರುತ್ತಿದ್ದದ್ದು ದಾರದಷ್ಟಾಯಿತು. ಆಮೇಲೆ ನಲ್ಲಿ ಬರೀ ಉಸಿರು ಬಿಡತೊಡಗಿತು. "ಬೀದಿ ಎತ್ತರದಲ್ಲಿದೆ, ನೀರು ಏರೋದಿಲ್ಲ, ಏನು ಮಾಡೋಕಾಗುತ್ತೆ?" ಎಂದರು ಸದಸ್ಯರು. ನಾವೂ ತಲೆಯಾಡಿಸಿದೆವು. ನಮ್ಮ ಬೀದಿ ಅದೇ ಎತ್ತರದಲ್ಲಿ ಇದ್ದಾಗಲೇ ಅಷ್ಟು ಕಾಲ ನೀರು ಏರಿತ್ತಲ್ಲ ಎಂದು ಒಬ್ಬರಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಬಾಯಿ ಜೋರಿನ ನನಗೂ ಹೊಳೆಯಲಿಲ್ಲ. ಸದಸ್ಯರು ಟ್ಯಾಂಕರ್ ವ್ಯವಸ್ಥೆ ಮಾಡಿದರು. ಟ್ಯಾಂಕರ್ ಅವರ ಭಾವಮೈದುನನದು; ಕೊಡಕ್ಕಿಷ್ಟು ಎಂದು ದುಡ್ಡು. ಕೊಟ್ಟೆವು, ಹೊತ್ತೆವು.

ಭಾವ ಆ ದಿನಗಳಲ್ಲಿ ವಿಚಿತ್ರವಾಗಿ ಆಡುತ್ತಿದ್ದರು. ಟ್ಯಾಂಕರ್ ಬಂದಾಗ ಮನೆಯಲ್ಲಿದ್ದರೆ ಅಕ್ಕನಿಗೆ ಕೊಡ ಮುಟ್ಟಲು ಬಿಡುತ್ತಿರಲಿಲ್ಲ, ತಾವೇ ಹೊರುತ್ತಿದ್ದರು; ನನ್ನ ಕೊಡವನ್ನೂ ತಂದಿಡುತ್ತಿದ್ದರು. ಆದರೆ ಕೆಲಸದ ವೇಳೆಯಲ್ಲಿ ಅಕ್ಕನೇ ಹೊರಬೇಕು. ಮೆಟ್ಟಿಲು ಹತ್ತುವಾಗ ಒಮ್ಮೆ ಸೊಂಟ ಹಿಡಿದುಕೊಂಡು ಹಾಸಿಗೆ ಹಿಡಿದಳು. ಭಾವ ಪಕ್ಕದಲ್ಲಿ ಕೂತು ಎಣ್ಣೆ ತಿಕ್ಕಿದರು. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ" ಎಂದು ಅವಳು ನನಗೆ ಹೇಳಿದಳು. ಭಾವ ಎದ್ದು ಹೊರಗೆ ಹೋದರು. ನಾಚಿಕೆ ಎಂದುಕೊಂಡೆ.

ಚುನಾವಣೆ ಹತ್ತಿರ ಬಂತು. ಟ್ಯಾಂಕರ್ ಕಳಿಸಿದ ಸದಸ್ಯರಿಗೆ ಬೀದಿಯ ಪರವಾಗಿ ಧನ್ಯವಾದ ಹೇಳುವ ಸಭೆ ಮಾಡಬೇಕೆಂದು ಅವರ ಕಡೆಯವರೇ ನಮಗೆ ಸೂಚಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ನನ್ನ ಅಂಗಡಿಯ ಎದುರಿಗೇ ವೇದಿಕೆ ಎದ್ದಿತು. "ನೀರು ಕೊಟ್ಟ ಸದಸ್ಯರಿಗೆ ಧನ್ಯವಾದ" ಎಂದು ಕೆಂಪು ಬಟ್ಟೆಗೆ ಬಿಳಿ ಅಕ್ಷರ ಹೊಲಿದುಕೊಟ್ಟವಳು ನಾನೇ. ಸದಸ್ಯರ ಪಕ್ಕದಲ್ಲಿ ಭಾವನಿಗೂ ಒಂದು ಕುರ್ಚಿ ಹಾಕಿದ್ದರು. ಕಾಯಂ ಆದೇಶದ ವಿಷಯವನ್ನು ಅಲ್ಲೇ ಹೇಳುತ್ತಾರಂತೆ ಎಂದು ಸುದ್ದಿಯಿತ್ತು. ಅಕ್ಕ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದಿದ್ದಳು. ಬೀದಿಯ ಪರವಾಗಿ ಮಾತಾಡುವವಳೂ ಅವಳೇ.

ಅವಳು ಎದ್ದು ನಿಂತು ಸದಸ್ಯರಿಗೆ ಧನ್ಯವಾದ ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದಳು.

"ನಮ್ಮ ಮನೆಯವರ ಬಗ್ಗೆ ಯಾರೂ ಬೇಜಾರು ಮಾಡ್ಕೋಬೇಡಿ. ನೀರು ಏರದೇ ಇದ್ರೆ ಅವರೇನು ಮಾಡ್ತಾರೆ ಪಾಪ? ನಮ್ಮನೇಲೂ ನೀರಿಲ್ಲ. ಮೋಸ ಮಾಡೋರಾಗಿದ್ರೆ ತಮ್ಮ ಮನೆಗಾದ್ರೂ ಬಿಟ್ಕೋತಿರಲಿಲ್ವಾ?"

ಜನ ಚಪ್ಪಾಳೆ ತಟ್ಟಿದರು. ಸದಸ್ಯರೂ ತಟ್ಟಿದರು. ಭಾವ ಕುರ್ಚಿಯಿಂದ ಎದ್ದರು. ಕೈಮುಗಿಯಲು ಎದ್ದರೇನೋ ಎಂದುಕೊಂಡೆವು. ಅವರು ವೇದಿಕೆ ಇಳಿದು, ನನ್ನ ಅಂಗಡಿಯ ಗೋಡೆಗೆ ಒರಗಿಸಿದ್ದ ಕೀಲಿ ತೆಗೆದುಕೊಂಡು, ಗುಂಡಿಯ ಹತ್ತಿರ ಹೋಗಿ ಮುಚ್ಚಳ ಎಳೆದರು. ಸದಸ್ಯರ ಭಾಷಣ ಆಗ ಶುರುವಾಗಿತ್ತು. ಭಾವ ಕೀಲಿ ತಿರುಗಿಸುತ್ತಲೇ ಹೋದರು. ಅಷ್ಟು ಹೊತ್ತು ತಿರುಗಿಸಿದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ನಮ್ಮ ಬೀದಿಯವರಿಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು. ನೀರು ಬಂದರೆ ಸದ್ದಿಗೆ ತಿಳಿಯಲಿ ಎಂದು ಎಲ್ಲರೂ ನಲ್ಲಿಗಳನ್ನು ತೆರೆದೇ ಇಟ್ಟಿರುತ್ತಿದ್ದರು. ತೆರೆದಿದ್ದೇವೆ ಎಂಬುದೂ ಮರೆತುಹೋಗಿತ್ತು. ಮೊದಲು ಮೂಲೆಯ ಸಾರ್ವಜನಿಕ ನಲ್ಲಿ ಕೆಮ್ಮಿತು. ಆಮೇಲೆ ಒಂದೊಂದೇ ಮನೆಯೊಳಗಿಂದ ಬಕೆಟ್ಟಿಗೆ, ಪಾತ್ರೆಗೆ, ಬರೀ ನೆಲಕ್ಕೆ ನೀರು ಬೀಳುವ ಸದ್ದು. "ಅಯ್ಯೋ, ನಮ್ಮನೆ!" ಎಂದು ಒಬ್ಬಳು ಓಡಿದಳು. ಅವಳ ಹಿಂದೆ ಇನ್ನೊಬ್ಬಳು. "ನೀರು ಏರದಂಥ ಈ ಎತ್ತರದ ಬೀದಿಗೆ..." ಎಂದು ಸದಸ್ಯರು ಹೇಳುತ್ತಿದ್ದಾಗ ಎದುರಿಗಿದ್ದದ್ದು ಖಾಲಿ ಕುರ್ಚಿಗಳು, ನೀರು ಹರಿದು ಬಂದು ವೇದಿಕೆಯ ಕೆಳಗೆ ಅವರು ಬಿಚ್ಚಿಟ್ಟಿದ್ದ ಬೂಟಿನ ತುದಿ ಮುಟ್ಟಿತ್ತು. ನನಗೆ ನಗು ತಡೆಯಲಾಗಲಿಲ್ಲ. ಈಗಲೂ ಆಗುವುದಿಲ್ಲ.

ಅಕ್ಕನಿಗೆ ನಗು ಬರಲಿಲ್ಲ. ನಾನು ಅವಳ ಮನೆಗೆ ಹೋದಾಗ ಒಳ್ಳೆಯ ಸೀರೆಯನ್ನು ಎತ್ತಿ ಕಟ್ಟಿಕೊಂಡು ನೆಲದ ನೀರು ಬಳಿಯುತ್ತಿದ್ದಳು. ಭಾವ ಹೊಸ್ತಿಲಲ್ಲಿ ನಿಂತಿದ್ದರು.

"ನೀವೇ ಮುಚ್ತಿದ್ರಾ?" ಎಂದಳು, ತಲೆ ಎತ್ತದೆ.

"ಪೂರ್ತಿ ಮುಚ್ಚಿರಲಿಲ್ಲ" ಎಂದರು ಭಾವ. "ಪೈಪು ಹಳೇದು, ನಾಲ್ಕು ದಿನ ಸ್ವಲ್ಪ ಕಮ್ಮಿ ಬಿಡಿ ಅಂದ್ರು ಸದಸ್ಯರು. ಬಿಟ್ಟೆ. ಆಮೇಲೆ ಇನ್ನೂ ಸ್ವಲ್ಪ ಅಂದ್ರು. ದುಡ್ಡು ಕೊಟ್ಟಿದ್ರೆ ಬೇಡ ಅಂತಿದ್ದೆ, ನಿಜವಾಗ್ಲೂ. ದುಡ್ಡು ಕೊಡಲಿಲ್ಲ. ಮುಂದಿನ ತಿಂಗಳು ಕಾಯಂ ಆಗುತ್ತೆ ಅಂದ್ರು. ನಿನಗೋಸ್ಕರ, ಈ ಮನೆಗೋಸ್ಕರ ಅಂದ್ಕೊಂಡು ಈ ಮನೆ ನೀರನ್ನೇ ಮುಚ್ಚಿದೆ."

ಅಕ್ಕ ಬಟ್ಟೆ ಹಿಂಡಿದಳು. "ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿದ್ರಲ್ಲ, ಆವತ್ತಾದ್ರೂ ಹೇಳಬಾರದಿತ್ತಾ?"

ಭಾವ ಇನ್ನೊಂದು ಬಟ್ಟೆ ಎತ್ತಿಕೊಂಡು ಹೊಸ್ತಿಲ ಬಳಿಯ ನೀರು ಬಳಿಯತೊಡಗಿದರು. ಮೂಗಿಗೆ ತುಪ್ಪ ಸವರುವುದು ಎಂದರೆ ಏನೆಂದು ನನಗೆ ಆ ಹೊತ್ತು ತಿಳಿಯಿತು. ನೆಕ್ಕಲು ಸಿಗುವುದಿಲ್ಲ, ಆದರೆ ವಾಸನೆ ಬಿಡುವುದಿಲ್ಲ. ಲಂಚವೆಂದರೆ ಮೇಜಿನ ಕೆಳಗೆ ಕೈ ಚಾಚುವುದು ಎಂದಷ್ಟೇ ನಾವು ತಿಳಿದಿದ್ದೆವು. ಒಳ್ಳೆಯ ಮನುಷ್ಯನ ಆಸೆಗೆ ಗಾಳ ಹಾಕಿ ಅವನ ಕೈಯಿಂದಲೇ ಅವನ ಹೆಂಡತಿಯ ಕೊಡ ಖಾಲಿ ಮಾಡಿಸಬಹುದು ಎಂದು ಯಾರಿಗೆ ಗೊತ್ತಿತ್ತು? ನನಗೆ ಭಾವನ ಮೇಲೆ ಸಿಟ್ಟು ಬಂತು. ಆ ಪುಕ್ಕಲು ಮನುಷ್ಯ ಅಷ್ಟು ಜನರೆದುರು ಕುರ್ಚಿ ಬಿಟ್ಟು ಎದ್ದದ್ದು ನೆನಪಾಗಿ ಕಣ್ಣಲ್ಲಿ ನೀರೂ ಬಂತು.

ಮರುದಿನವೇ ಅವರನ್ನು ಕೆಲಸದಿಂದ ತೆಗೆದರು. ಭಾವ ನನ್ನ ಅಂಗಡಿಗೆ ಬಂದು ಅಂಗಿಗಳಿಗೆ ಗುಂಡಿ ಹಚ್ಚಲು ಕೂತರು. ಅವರು ಹಚ್ಚಿದ ಒಂದು ಅಂಗಿಯ ಗುಂಡಿಗಳೆಲ್ಲ ಬೆನ್ನ ಕಡೆಗೆ ಬಂದವು. ಅಕ್ಕ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬೀದಿಯವರು ಸದಸ್ಯರ ಮೇಲೆ ದೂರು ಕೊಡೋಣ ಎಂದರು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ದೂರು ಕೊಡಲು ಹೋದವರನ್ನು ಪುರಸಭೆಯ ಬಾಗಿಲಲ್ಲೇ "ನಾಳೆ ಬನ್ನಿ" ಎಂದು ಕಳಿಸುವುದು ಎಲ್ಲರಿಗೂ ಗೊತ್ತು.

ದಾರಿ ತೋರಿಸಿದವಳು ಅಕ್ಕನೇ. ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಭಾವನ ಕಡೆ ನೋಡದೆ, ನನ್ನನ್ನು ಕೇಳಿದಳು: "ಆ ಕೆಂಪು ಬಟ್ಟೆ ಇದೆಯೇನೇ? ಅದರಲ್ಲಿ 'ಸದಸ್ಯರಿಗೆ' ಅನ್ನೋದನ್ನ ಬಿಚ್ಚಿ 'ಪುರಸಭೆಗೆ' ಅಂತ ಹೊಲಿ. ದೂರು ಹೇಳೋರನ್ನ ಓಡಿಸ್ತಾರೆ. ಧನ್ಯವಾದ ಹೇಳೋಕೆ ಬಂದೋರನ್ನ ಹೇಗೆ ಓಡಿಸ್ತಾರೆ?"

ನಿಜವೇ ಆಯಿತು. ಬಟ್ಟೆ ಹಿಡಿದು ಬಂದ ನಮ್ಮನ್ನು ಪುರಸಭೆಯ ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಅಧ್ಯಕ್ಷೆ ನಗುತ್ತಾ ನಮ್ಮನ್ನು ಸಭಾಂಗಣದೊಳಗೇ ಕರೆಸಿದರು, ಪತ್ರಿಕೆಯವರೂ ಇದ್ದರು. ನಮ್ಮ ಸದಸ್ಯರು ಮೂಲೆಯ ಕುರ್ಚಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಅಕ್ಕ ಮಾತಾಡಿದಳು.

"ಮೇಲಿನ ಬೀದಿಗೆ ನೀರು ಏರುತ್ತೆ ಅಂತ ತೋರಿಸಿಕೊಟ್ರಿ. ಅದಕ್ಕೆ ನಿಮಗೆ ಧನ್ಯವಾದ. ಹಿಂದೊಂದು ಸಲ ತಪ್ಪು ಕಡೆ ಹೇಳಿದ್ದೆ, ಈಗ ಸರಿಯಾದ ಕಡೆ ಹೇಳೋಕೆ ಬಂದೆ."

ಅಧ್ಯಕ್ಷೆ ಎದ್ದು ಧನ್ಯವಾದವನ್ನು ಸ್ವೀಕರಿಸಿದರು. ಫೋಟೋ ಹೊಡೆದರು. ಅಕ್ಕ ಕೂರಲಿಲ್ಲ.

"ಆ ನೀರು ಬಿಟ್ಟವರು ನಮ್ಮ ಮನೆಯವರು. ಅವರ ಮೇಲೆ ನಿಮಗಿಂತ ಜಾಸ್ತಿ ಸಿಟ್ಟು ನನಗಿದೆ. ಆದ್ರೆ ಮುಚ್ಚಿದಾಗ ಸಂಬಳ ಕೊಟ್ರಿ, ಬಿಟ್ಟಾಗ ಮನೆಗೆ ಕಳಿಸಿದ್ರಿ. ಇದು ಯಾವ ನ್ಯಾಯ? ಅವರನ್ನ ವಾಪಸ್ಸು ತಗೊಳ್ಳಿ. ಆದ್ರೆ ನಂಬಬೇಡಿ. ನಾನೂ ನಂಬಲ್ಲ. ಕೀಲಿಗೆ ಎರಡು ಹಿಡಿ ಇದೆಯಲ್ಲ? ನೀರು ಬಿಡುವಾಗ ಆ ಬೀದಿಯವರೊಬ್ಬರ ಕೈ ಇನ್ನೊಂದು ಹಿಡಿ ಮೇಲಿರಲಿ. ಅವರು ಬಿಟ್ರೂ ಸರಿ, ಬೇರೆಯವರು ಬಿಟ್ರೂ ಸರಿ."

ಪತ್ರಿಕೆಯವರ ಎದುರು ಸ್ವೀಕರಿಸಿದ ಧನ್ಯವಾದವನ್ನು ಹಿಂದಕ್ಕೆ ಕೊಡುವುದು ಹೇಗೆ? ಭಾವನಿಗೆ ಕೆಲಸ ಮರಳಿ ಬಂತು. ಮರುದಿನ ಬೆಳಿಗ್ಗೆ ಅಕ್ಕ ಗುಂಡಿಯ ಹತ್ತಿರ ಬಂದು, ಮುಖ ಬಿಗಿದುಕೊಂಡು, ಎರಡನೆಯ ಹಿಡಿ ಹಿಡಿದಳು. ಅದನ್ನು ನೋಡಿ ಕೆಳಗಿನ ಬೀದಿಯವರೂ ಬಂದರು, ಆಮೇಲೆ ಊರಿನವರೆಲ್ಲ. ಕೊನೆಗೆ ಪುರಸಭೆ ಅದನ್ನೇ ನಿಯಮ ಮಾಡಿತು. ಸದಸ್ಯರು ಮುಂದಿನ ಚುನಾವಣೆಯಲ್ಲಿ ಸೋತರು ಎಂದು ಬರೆಯಲು ನನಗೆ ತುಂಬಾ ಆಸೆ. ಸೋಲಲಿಲ್ಲ, ಕಡಿಮೆ ಮತಗಳಿಂದ ಗೆದ್ದರು. ಆದರೆ ಟ್ಯಾಂಕರ್ ಮಾರಾಟವಾಯಿತು. ಯಾರೇ ಗೆಲ್ಲಲಿ, ಕೀಲಿಯ ಮೇಲೆ ನಮ್ಮದೊಂದು ಕೈ ಇರುತ್ತದೆ.

ಅಕ್ಕ ಭಾವನ ಜೊತೆ ಮತ್ತೆ ಮಾತಾಡಿದ್ದು ಆ ಗುಂಡಿಯ ಹತ್ತಿರವೇ. ಮೊದಲು "ತಿರುಗಿಸಿ", "ಸಾಕು" ಅಷ್ಟೇ. ಆಮೇಲೆ ಸೊಪ್ಪು ತರುವ ಮಾತು, ಆಮೇಲೆ ನನ್ನ ಮೇಲಿನ ಚಾಡಿ. ಭಾವ ಮಾತ್ರ ಕಾಯಂ ಆಗಲೇ ಇಲ್ಲ. ಅದರ ಸುದ್ದಿ ಎತ್ತಿದರೆ ಅಕ್ಕ, "ನೀರು ಕಾಯಂ ಆಯ್ತಲ್ಲ, ಸುಮ್ನಿರೇ" ಎನ್ನುವಳು.

ಮೊನ್ನೆ ಭಾವ ವಯಸ್ಸಾಯಿತೆಂದು ಕೆಲಸ ಬಿಟ್ಟರು. ಅದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ಅಕ್ಕನಿಗೆ ಜ್ವರ ಬಂದಿತ್ತು. ಭಾವ ಕೀಲಿ ಇಳಿಸಿ ಮೇಲೆ ನೋಡಿದರು. ತಮ್ಮ ಮಹಡಿ ಮನೆಯ ಕಿಟಕಿಯಲ್ಲಿ ಅವಳ ಮುಖ ಕಂಡಿತು.

"ನೀವೇ ಬಿಟ್ಬಿಡಿ ರೀ" ಎಂದಳು. "ನನಗೆ ನಂಬಿಕೆ ಇದೆ."

ಇಷ್ಟು ವರ್ಷ ಆ ಮಾತಿಗೇ ಕಾದಿದ್ದವರು ಭಾವ. ಬಗ್ಗಿ ಕೀಲಿಯ ಹಿಡಿಗೆ ಹಣೆ ಹಚ್ಚಿದರು. ನಾನು ಯಂತ್ರ ನಿಲ್ಲಿಸಿದೆ. ಕಣ್ಣು ಒರೆಸಿಕೊಂಡು ಅವರು ಕೀಲಿ ತಿರುಗಿಸುತ್ತಾರೆ ಎಂದುಕೊಂಡೆ. ಅವರು ನನ್ನ ಬಾಗಿಲಿಗೆ ಬಂದರು.

"ಸ್ವಲ್ಪ ಕೈ ಕೊಡಮ್ಮ."

"ಅಕ್ಕ ನಂಬಿಕೆ ಇದೆ ಅಂದಳಲ್ಲ ಭಾವ?"

"ಅವಳಿಗೆ ಆವತ್ತೂ ಇತ್ತು" ಎಂದರು ಭಾವ. "ಬಾ, ಹೊತ್ತಾಯ್ತು. ಜನ ಕಾಯ್ತಿರ್ತಾರೆ."

ನಾನು ಹೋಗಿ ಇನ್ನೊಂದು ಹಿಡಿ ಹಿಡಿದೆ.